ಎಡಸುತ್ತು

ನನ್ನ ಗಂಡ ಅಕ್ಕೂಬ ಮೂಡಣ ಬಾಗಿಲಿನಲ್ಲಿ ಮಧ್ಯಾಹ್ನದ ಪಾಳಿಯಲ್ಲಿದ್ದಾಗ ಸತ್ತ. ಕಾವಲಿನ ಕಲ್ಲುಪೀಠದ ಮೇಲೆ ಕುಳಿತಲ್ಲೇ ಸತ್ತ. ಅವನಿಗೆ ಮೂವತ್ತೊಂದು ವರ್ಷ. ಬೆಟ್ಟದ ಯಜಮಾನರು ಗಸ್ತಿಗೆ ಬಂದು ಅವನ ಮುಂದೆ ನಿಂತು ಮೂರು ಸಲ "ಶಾಂತಿಯಿರಲಿ" ಎಂದರು. ಅವನು ಎದ್ದು ನಿಲ್ಲಲಿಲ್ಲ, ಮರುಮಾತು ಹೇಳಲಿಲ್ಲ. ಯಜಮಾನರು ಕೋಲಿನಿಂದ ಅವನ ಭುಜಕ್ಕೆ ಹೊಡೆದರು. ಆಮೇಲೆ ಅವನ ಹೊದಿಕೆಗೆ ಬೆಂಕಿ ಹಚ್ಚಿದರು. ಪಾಳಿಯಲ್ಲಿ ನಿದ್ದೆ ಮಾಡಿದವನಿಗೆ ನಮ್ಮ ಊರಿನಲ್ಲಿರುವ ಶಿಕ್ಷೆ ಅದು. ಹೊದಿಕೆ ಹೊತ್ತಿಕೊಂಡ ಕೂಡಲೇ ನಿದ್ದೆಯಲ್ಲಿದ್ದವನು ಹೌಹಾರಿ ಎದ್ದು ಅದನ್ನು ಕಿತ್ತೆಸೆದು ಓಡುತ್ತಾನೆ, ಜನ ನಗುತ್ತಾರೆ, ಒಂದು ವಾರ ಸಂತೆಯಲ್ಲಿ ಅದೇ ಮಾತು. ಅಕ್ಕೂಬ ಓಡಲಿಲ್ಲ. ಹೊದಿಕೆ ಉರಿದು ಮುಗಿಯುತ್ತ ಬಂತು. ಆಮೇಲೆ ಯಾರೋ ನೀರು ಹಾಕಿದರು.

ನನಗೆ ಸುದ್ದಿ ತಂದವಳು ಸೊಪ್ಪು ಮಾರುವ ದೀನಮ್ಮ. ನಗುತ್ತಲೇ ಬಂದಳು. "ನಿನ್ನ ಗಂಡನ ಹೊದಿಕೆ ಸುಡ್ತಿದ್ದಾರೆ ಕಣಕ್ಕ, ಹೋಗು, ಇನ್ನೊಂದು ತಗೊಂಡು ಹೋಗು" ಎಂದಳು. ಹೊಡೆತದ ತನಕ ನೋಡಿ ಓಡಿಬಂದಿದ್ದಳು, ಮುಂದಿನದು ಅವಳಿಗೆ ಗೊತ್ತಿರಲಿಲ್ಲ. ನಾನೂ ನಕ್ಕೆ. ಪೆಟ್ಟಿಗೆಯಿಂದ ಇನ್ನೊಂದು ಹೊದಿಕೆ ತೆಗೆದುಕೊಂಡು ಗುಡ್ಡ ಹತ್ತಿದೆ. ಅದೇ ಹೊದಿಕೆಯಲ್ಲಿ ಅವನನ್ನು ಕೆಳಗೆ ತಂದೆವು.

ಇದನ್ನು ಹೇಳುವಾಗ ಜನ ನನ್ನ ಮುಖವನ್ನೇ ನೋಡುತ್ತಾರೆ. ಅಳು ಬರುವುದಿಲ್ಲ. ಏನು ಮಾಡಲಿ.

ನಮ್ಮ ಊರಿನ ಗುಡ್ಡದ ಮೇಲೆ ಎತ್ತರದ ಗೋಡೆಯಿದೆ. ಗೋಡೆಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಒಳಗೆ ದೇವರ ಮನೆ ಇಲ್ಲ, ಹುಲ್ಲಿದೆ. ಹಿಂದೆ ಇತ್ತು ಎನ್ನುವವರಿದ್ದಾರೆ, ಮುಂದೆ ಬರುತ್ತದೆ ಎನ್ನುವವರಿದ್ದಾರೆ. ಬಾಗಿಲು ಕಾಯುವ ಮನೆತನಗಳು ಇನ್ನೂರ ಹನ್ನೆರಡು. ಮೂಡಣ ಬಾಗಿಲನ್ನು ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತಾರೆ. ಉಳಿದ ಮೂರನ್ನು ತೆರೆಯುವುದೇ ಇಲ್ಲ, ಆದರೂ ಕಾಯುತ್ತಾರೆ. ಯಾರು ಯಾವ ಪಾಳಿ ಎಂಬುದನ್ನು ಚೀಟಿಯ ಬದಲು ಕಲ್ಲಿನಿಂದ ನಿರ್ಧರಿಸುತ್ತಾರೆ. ಒಂದೊಂದು ಬೆಣಚುಕಲ್ಲಿನ ಮೇಲೆ ಒಬ್ಬೊಬ್ಬನ ಹೆಸರು ಕೊರೆದು ಗಡಿಗೆಗೆ ಹಾಕಿರುತ್ತಾರೆ. ಸತ್ತವರ ಕಲ್ಲುಗಳೂ ಗಡಿಗೆಯಲ್ಲೇ ಇರುತ್ತವೆ. ಸತ್ತವನ ಕಲ್ಲು ಕೈಗೆ ಬಂದರೆ ಆ ಪಾಳಿಯಲ್ಲಿ ಪೀಠವನ್ನು ಖಾಲಿ ಬಿಡುತ್ತಾರೆ. ಅವನ ಮನೆಯವರು ಹೋಗಿ ಪೀಠದ ಪಕ್ಕದಲ್ಲಿ ನಿಂತು ಬಾಗಿಲು ಕಾಯುತ್ತಾರೆ.

ಊರಿನವರು ದಿನಕ್ಕೊಮ್ಮೆ ಒಳಗೆ ಹೋಗಿ, ಬಲಕ್ಕೆ ತಿರುಗಿ, ಹುಲ್ಲಿನ ಸುತ್ತ ಒಂದು ಸುತ್ತು ಹಾಕಿ ಹೊರಬರುತ್ತಾರೆ. ಮನೆಯಲ್ಲಿ ಸಾವಾದವರು, ತಪ್ಪು ಮಾಡಿದವರು ಮಾತ್ರ ಎಡಕ್ಕೆ ತಿರುಗುತ್ತಾರೆ. ಆಗ ಊರೆಲ್ಲ ಅವರಿಗೆ ಎದುರಾಗುತ್ತದೆ. ಬಾಗಿಲಿನವನು ಕೇಳುತ್ತಾನೆ: "ಏಕೆ ಎಡಕ್ಕೆ?" ಅವರು ಹೇಳುತ್ತಾರೆ. ಸಾವಿನ ಮನೆಯವರಿಗೆ ಅವನು, "ಈ ಮನೆಯಲ್ಲಿ ನೆಲೆಸಿದವನು ನಿನ್ನನ್ನು ಸಂತೈಸಲಿ" ಎನ್ನುತ್ತಾನೆ. ಎಡಕ್ಕೆ ಹೋದವರಿಗೆ ಸಲ್ಲಬೇಕಾದ ಮಾತು ಸಲ್ಲುವವರೆಗೆ ಸಂಜೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿದವಳು, ಮದುವೆಯಾಗಿ ಈ ಊರಿಗೆ ಬಂದೆ. ಬಾಗಿಲಿನ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಏಳು ದಿನದ ಸೂತಕ ಕಳೆದ ಮೇಲೆ ಹಿರಿಯರು ನನ್ನನ್ನೂ ಅತ್ತೆಯನ್ನೂ ಕರೆಸಿದರು. ಜಮಖಾನದ ಮೇಲೆ ಒಂಬತ್ತು ಜನ ಕುಳಿತಿದ್ದರು. ನಡುವೆ ಬೆಟ್ಟದ ಯಜಮಾನರು, ಶಲ್ಲೂಮಯ್ಯನವರು. ಅವರ ಮುಂದೆ ಬಾಗಿಲಿನ ಕಟ್ಟಳೆಯ ಪುಸ್ತಕ. ಅಕ್ಕೂಬ ಪಾಳಿಯಲ್ಲಿ ನಿದ್ದೆ ಮಾಡಿದ ಎಂದು ಬರೆದಾಗಿತ್ತು. ಅವನ ಕಲ್ಲನ್ನು ಗಡಿಗೆಯಿಂದ ತೆಗೆದು ಗುಡ್ಡದ ಕೆಳಗೆ ಎಸೆದಾಗಿತ್ತು. ಒಂದು ವರ್ಷ ನಮ್ಮ ಮನೆ ಹೊರಗಿನ ಮನೆ. ನಾವು ಎಡಕ್ಕೆ ಹೋದರೂ ನಮಗೆ ಸಿಗುವುದು ಸಾವಿನ ಮನೆಯವರ ಮಾತಲ್ಲ, ತಪ್ಪಿತಸ್ಥರಿಗೆ ಹೇಳುವ ಇನ್ನೊಂದು ಮಾತು.

"ಅವನು ನಿದ್ದೆ ಮಾಡಿರಲಿಲ್ಲ. ಸತ್ತಿದ್ದ" ಎಂದೆ.

"ಪುಸ್ತಕದಲ್ಲಿ ಎರಡೇ ಥರ ಇರೋದು ತಾಯಿ" ಎಂದರು ಶಲ್ಲೂಮಯ್ಯ. ಅವರ ದನಿ ಯಾವಾಗಲೂ ಮೆತ್ತಗೆ. "ಕರೆದ್ರೆ ಓಗೊಟ್ಟ ಕಾವಲಿನವನು, ಕರೆದ್ರೆ ಓಗೊಡದೆ ನಿದ್ದೆ ಮಾಡಿದ ಕಾವಲಿನವನು. ಮೂರನೇದು ಬರೆದಿಲ್ಲ."

"ಅವನ ಬೆನ್ನು ನಾನು ತೊಳೆದಿದ್ದೀನಿ. ಬದುಕಿರೋರ ಮೈ ಸುಟ್ರೆ ಕೆಂಪಾಗುತ್ತೆ, ಬೊಬ್ಬೆ ಏಳುತ್ತೆ. ಅವನ ಬೆನ್ನಲ್ಲಿ ಎರಡೂ ಇರ್ಲಿಲ್ಲ."

"ನೀನು ಓದಿದ ಪುಸ್ತಕ ಬೇರೆ, ಇದು ಬೇರೆ."

"ಬೆಂಕಿ ಹಚ್ಚಿದ್ರೂ ಏಳದೆ ಇರೋ ನಿದ್ದೆ ಯಾವುದು ಯಜಮಾನ್ರೇ? ನೀವು ಇಷ್ಟು ವರ್ಷ ಹೊದಿಕೆ ಸುಟ್ಟಿದ್ದೀರಲ್ಲ, ಅಂಥ ನಿದ್ದೆ ಒಂದಾದ್ರೂ ಕಂಡಿದ್ದೀರಾ?"

ತುದಿಯಲ್ಲಿ ಕುಳಿತಿದ್ದ ಒಬ್ಬ ಹಿರಿಯ, "ಮಧ್ಯಾಹ್ನ ಮುದ್ದೆ ಜಡಿದಿರ್ಬೇಕು" ಎಂದ. ಇಬ್ಬರು ನಕ್ಕರು. ಆ ಇಬ್ಬರು ಯಾರೆಂದು ನನಗೆ ಗೊತ್ತು. ಅವರ ಮನೆಯ ಮದುವೆಗಳಿಗೆ ಅಕ್ಕೂಬ ನೀರು ಹೊತ್ತಿದ್ದ.

ಅತ್ತೆ ಪೆನಿನ್ನಮ್ಮ ಮನೆಗೆ ಬಂದು ಮಗ್ಗದ ಮುಂದೆ ಕುಳಿತರು. ಕಾವಲಿನವರ ಬಿಳಿ ಹೊದಿಕೆಗಳನ್ನು ನೇಯುವವರು ಅವರೇ. ಸುಟ್ಟುಹೋದದ್ದನ್ನೂ ಅವರೇ ನೇಯ್ದಿದ್ದರು. ಅಕ್ಕೂಬನ ಕುತ್ತಿಗೆಯ ಕೆಳಗೆ ಸಿಕ್ಕಿಕೊಂಡು ಉಳಿದಿದ್ದ ಒಂದು ಗೇಣು ಅಂಚನ್ನು ಮಗ್ಗದ ಗೂಟಕ್ಕೆ ಕಟ್ಟಿಕೊಂಡಿದ್ದರು. ಲಾಳಿ ತಳ್ಳುತ್ತ, "ದೊಡ್ಡೋರ ಹತ್ರ ಯಾಕೆ ವಾದ ಕಣೇ" ಎಂದರು. "ಒಂದು ವರ್ಷ ತಾನೆ. ಕಳೆದುಹೋಗುತ್ತೆ."

ಮರುದಿನ ನಾನು ಗುಡ್ಡ ಹತ್ತಿ ಬಾಗಿಲು ದಾಟಿ ಎಡಕ್ಕೆ ತಿರುಗಿದೆ.

ಅಕ್ಕೂಬನ ಪಾಳಿಯಲ್ಲಿ ಉಳಿದ ದಿನಗಳಿಗೆ ಅವನ ಪೀಠದ ಮೇಲೆ ಈಗ ಟಲ್ಮೋನಜ್ಜ ಕೂರುತ್ತಿದ್ದರು. ಅಕ್ಕೂಬನಿಗೆ ಕಾವಲು ಕಲಿಸಿದವರು ಅವರು. ಅಗುಳಿ ಎತ್ತುವಾಗ ಬೆನ್ನು ಬಾಗಿಸಬಾರದು, ಮೊಣಕಾಲು ಬಾಗಿಸಬೇಕು ಎಂದು ನಮ್ಮ ಮನೆಯಲ್ಲಿ ಕಾಳು ತುಂಬಿಡುವ ಹಗೇವಿನ ಮುಚ್ಚಳದ ಮೇಲೆ ತೋರಿಸಿಕೊಟ್ಟಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಏಕೆ ಎಡಕ್ಕೆ?"

"ನನ್ನ ಗಂಡ ಸತ್ತ."

ಅಜ್ಜ ನೆಲ ನೋಡಿದರು. "ಈ ಮನೆಯಲ್ಲಿ ನೆಲೆಸಿದವನು ಹಿರಿಯರ ಮಾತು ಕೇಳುವ ಮನಸ್ಸನ್ನು ನಿನಗೆ ಕೊಡಲಿ" ಎಂದರು.

"ಅಜ್ಜ, ಅದು ನನಗೆ ಸಲ್ಲೋ ಮಾತಲ್ಲ."

"ಗೊತ್ತು ಕಣಮ್ಮ. ನನ್ನ ಕೈಗೆ ಕೊಟ್ಟಿರೋದು ಅದೇ." ಆಮೇಲೆ ದನಿ ತಗ್ಗಿಸಿ, "ನಮ್ಮ ತಾತನ ಕಾಲದಲ್ಲಿ ಆ ಮಾತೂ ಬೇರೆ ಇತ್ತು. ಹೊರಗಿಟ್ಟೋರಿಗೆ, 'ನಿನ್ನನ್ನು ಹೊರಗಿಟ್ಟವರ ಮನಸ್ಸನ್ನು ತಿರುಗಿಸಲಿ' ಅಂತಿದ್ರು. ಹಾಗಂದ್ರೆ ಹಿರಿಯರದ್ದೇ ತಪ್ಪು ಅಂದಹಾಗೆ ಆಗುತ್ತೆ ಅಂತ ತಿದ್ದಿದ್ರು" ಎಂದರು.

ಅಂದು ಸಂಜೆ ಇಪ್ಪತ್ತು ಜನ ಎಂದಿನಂತೆ ಎರಡೂ ಕದಗಳನ್ನು ನೂಕಿದರು. ನಡುವೆ ಒಂದು ಮೊಳ ಸಂದಿ ಉಳಿಯಿತು. ಮತ್ತೆ ಇಪ್ಪತ್ತು ಜನ ಬಂದು ಕೈಹಾಕಿದರು. ಮೊಳ ಮೊಳವಾಗಿಯೇ ಇತ್ತು.

ನಮ್ಮ ಊರಿನಲ್ಲಿ ಆ ಬಾಗಿಲು ಮುಚ್ಚುವ ಸದ್ದೇ ಸಂಜೆ. ಮೂರು ಹಳ್ಳಿಯಾಚೆಗೂ ಕೇಳುತ್ತದೆ. ಆ ಸದ್ದಾದ ಮೇಲೆ ಅಂಗಡಿಯವರು ಹಲಗೆ ಜೋಡಿಸುತ್ತಾರೆ, ಒಲೆ ಹಚ್ಚುತ್ತಾರೆ, ಜಗಳವಾಡುತ್ತಿದ್ದವರು ನಾಳೆಗೆ ಇಟ್ಟುಕೊಳ್ಳುತ್ತಾರೆ. ಅಂದು ಸದ್ದಾಗಲಿಲ್ಲ. ಅಂಗಡಿಗಳು ತೆರೆದೇ ಇದ್ದವು, ಕೊಳ್ಳುವವರಿಲ್ಲದೆ ಅಂಗಡಿಯವರು ಒಬ್ಬರನ್ನೊಬ್ಬರು ನೋಡುತ್ತ ಕುಳಿತರು. ಮಕ್ಕಳನ್ನು ಯಾರೂ ಒಳಗೆ ಕರೆಯಲಿಲ್ಲ.

ನಾನು ದಿನವೂ ಹೋದೆ. ದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ತಪ್ಪು ಮಾತು. ಶಲ್ಲೂಮಯ್ಯನವರು ಬಡಗಿಯನ್ನು ಕರೆಸಿ ಕದದ ಅಂಚು ಹೆರೆಸಿದರು. ಹೆರೆದಷ್ಟು ಸಂದಿ ದೊಡ್ಡದಾಯಿತು. ತಿರುಗಣಿಗೆ ಎರಡು ಡಬ್ಬ ಎಳ್ಳೆಣ್ಣೆ ಹುಯ್ಯಿಸಿದರು. ಎಣ್ಣೆ ಹರಿದು ಮೆಟ್ಟಿಲ ಮೇಲೆ ನಾಲ್ಕು ಜನ ಜಾರಿಬಿದ್ದರು. ಸಂಜೆ ತಿಳಿಸಲು ಜಾಗಟೆಯವನನ್ನು ನೇಮಿಸಿದರು. ಜಾಗಟೆ ಕೇಳಿ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಸಂದಿಗೆ ಬಿದಿರಿನ ತಟ್ಟಿ ಕಟ್ಟಿಸಿದರು. ದೀನಮ್ಮನ ಆಡುಗಳು ತಟ್ಟಿಯನ್ನು ತಳ್ಳಿಕೊಂಡು ಒಳಹೋಗಿ, ಯಾರೂ ಮೇಯಿಸದ ಆ ಹುಲ್ಲನ್ನು ಮೇದು ಬಂದವು.

"ನೀನು ಎಡಕ್ಕೆ ಹೋಗೋದು ಬಿಡ್ಬೇಡ ಕಣಕ್ಕ" ಎಂದಳು ದೀನಮ್ಮ. "ಅರ್ಧ ಸೇರು ಹಾಲು ಜಾಸ್ತಿ ಕೊಡ್ತಾವೆ." ಹೇಳಿ ಮುಗಿಸಿದ ಮೇಲೆ ಬಾಯಿಗೆ ಸೆರಗು ಹಿಡಿದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಅಂದು ನಕ್ಕು ಬಂದದ್ದಕ್ಕೆ ಅವಳು ಆ ದಿನದಿಂದ ನಮ್ಮ ಮನೆಗೆ ಸೊಪ್ಪು ತಪ್ಪಿಸಿಲ್ಲ.

ಉಳಿದವರು ಬೇರೆ ಥರ. ಸುತ್ತು ಹಾಕುವಾಗ ಎದುರಾದರೆ ಹುಲ್ಲಿನ ಕಡೆ ಮುಖ ತಿರುಗಿಸುತ್ತಿದ್ದರು. "ಓದಿದ ಹೆಣ್ಣು, ಹಟ" ಎಂದರು. "ಗಂಡ ಸತ್ತ ದುಃಖ ಒಂದು ಹನಿ ಕಾಣ್ಸಲ್ಲ, ನ್ಯಾಯ ಮಾತ್ರ ಬೇಕು" ಎಂದರು. ನನ್ನ ಕಣ್ಣೀರನ್ನು ಯಾವ ಪುಸ್ತಕದಲ್ಲಿ ಬರೆಯಬೇಕಿತ್ತೋ ತಿಳಿಯದು. ದುಃಖ ಕಾಣಿಸಬೇಕಾದರೆ ಮೊದಲು ಅವನು ಸತ್ತಿದ್ದಾನೆ ಎಂದು ಇವರು ಒಪ್ಪಬೇಕು.

ನಾನು ಎಡಕ್ಕೆ ಹೋಗತೊಡಗಿದ ಇಪ್ಪತ್ತೆರಡನೆಯ ದಿನ ಶಲ್ಲೂಮಯ್ಯನವರು ನಮ್ಮ ಮನೆಗೆ ಬಂದರು. ಅತ್ತೆ ಮಗ್ಗದ ಮುಂದಿದ್ದರು. ನಾನು ನೀರು ಕೊಟ್ಟೆ. ಕುಡಿಯದೆ ಪಕ್ಕಕ್ಕಿಟ್ಟರು.

"ಒಂದು ದಿನ ಬಲಕ್ಕೆ ಹೋಗು ತಾಯಿ. ಒಂದೇ ದಿನ. ನೀನು ಎಡಕ್ಕೆ ಹೋದದ್ದೇ ರದ್ದಾಗುತ್ತೆ, ಬಾಗಿಲು ಮುಚ್ಚುತ್ತೆ. ಅಕ್ಕೂಬನ ಕಲ್ಲು ಹುಡುಕಿಸಿ ಗಡಿಗೆಗೆ ಹಾಕಿಸ್ತೀನಿ."

"ಪುಸ್ತಕದಲ್ಲಿ ಬರೆದದ್ದು?"

"ಅದು ಇರುತ್ತೆ. ಬರೆದದ್ದನ್ನ ಹೊಡೆಯೋಕೆ ಆಗುತ್ತಾ?"

"ನಿದ್ದೆ ಮಾಡಿದ ಅಂತಲೇ ಇರುತ್ತೆ."

"ಇಷ್ಟು ಸಣ್ಣ ಮಾತಿಗೆ ಊರಿಗೆ ಊರೇ ಸಂಜೆ ಇಲ್ಲದೆ ಕೂತಿದೆಯಲ್ಲಮ್ಮ."

ಆಗ ಅತ್ತೆ ಲಾಳಿಯನ್ನು ಕೆಳಗಿಟ್ಟರು. ಅವರು ಯಜಮಾನರ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಯಜಮಾನ್ರೇ, ಬೆಂಕಿಗೆ ಮುಂಚೆ ಕೋಲಲ್ಲಿ ಹೊಡೆದ್ರಲ್ಲ" ಎಂದರು. "ಹೊಡೆದಾಗ ನನ್ನ ಮಗ ಏನು ಮಾಡ್ದ?"

ಶಲ್ಲೂಮಯ್ಯ ಚೊಂಬು ಎತ್ತಿಕೊಂಡರು. ಮತ್ತೆ ಇಟ್ಟರು.

"ನಿದ್ದೆ ಹತ್ತಿದೋರು ವಾಲಿದ್ರೆ ತಾವೇ ಸಂಭಾಳಿಸ್ಕೊಳ್ತಾರೆ. ಹಸುಗೂಸೂ ಮಾಡುತ್ತೆ. ನನ್ನ ಮಗ ವಾಲ್ದಾಗ ಏನು ಮಾಡ್ದ? ನೀವು ಹತ್ರ ಇದ್ರಿ. ಮುಖ ನೋಡಿರ್ತೀರಿ."

ಗೂಟಕ್ಕೆ ಕಟ್ಟಿದ್ದ ಸುಟ್ಟ ಅಂಚನ್ನು ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: "ಕಣ್ಣು ತೆರೆದಿತ್ತು."

"ಮೂರು ಸಲ ಕರೆಯೋದು, ಆಮೇಲೆ ಕೋಲು, ಆಮೇಲೆ ಬೆಂಕಿ" ಎಂದರು ಶಲ್ಲೂಮಯ್ಯ. "ನಲವತ್ತು ಜನ ನೋಡ್ತಾ ನಿಂತಿದ್ರು. ಕೋಲಾದ ಮೇಲೆ ಬೆಂಕಿ. ನಡುವೆ ನಿಲ್ಲಿಸೋಕೆ ಪುಸ್ತಕದಲ್ಲಿ ಜಾಗ ಇಲ್ಲ ಪೆನಿನ್ನಮ್ಮ. ನಾನೇನು ಮಾಡ್ಲಿ?"

ಹೀಗೆ ಕೇಳಿದರು. ನನ್ನ ಅತ್ತೆಯನ್ನೇ ಕೇಳಿದರು. ಬಾಗಿ ಅವನ ಮೂಗಿನ ಹತ್ತಿರ ಒಂದು ಬೆರಳು ಹಿಡಿಯಬಹುದಿತ್ತು. ಅದಕ್ಕೆ ಪುಸ್ತಕ ಬೇಕಿರಲಿಲ್ಲ. ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಕಡ್ಡಿ ಗೀರಿದರು. ಮರುದಿನ ಕುಳಿತು ಅವನು ನಿದ್ದೆ ಮಾಡಿದ ಎಂದು ಬರೆದರು. ಯಾಕೆಂದು ನನಗೆ ಆಗ ಅರ್ಥವಾಯಿತು. ಸತ್ತವನ ಮೈಗೆ ಬೆಂಕಿ ತಾಗಿಸಿದವನು ಯಾರೇ ಆಗಲಿ, ಎಡಕ್ಕೆ ಹೋಗಿ ಊರೆಲ್ಲರ ಎದುರು ಅದನ್ನು ಬಾಯಿಬಿಟ್ಟು ಹೇಳಬೇಕು. ಅದು ಅದೇ ಪುಸ್ತಕದಲ್ಲಿದೆ. ಶಲ್ಲೂಮಯ್ಯನವರ ವಂಶದಲ್ಲಿ ಸಾವಿಗಲ್ಲದೆ ಬೇರೆ ಯಾವುದಕ್ಕೂ ಯಾರೂ ಎಡಕ್ಕೆ ತಿರುಗಿಲ್ಲ.

"ಹೊರಡಿ" ಎಂದೆ. ಹಿರಿಯರಿಗೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಮರುದಿನ ನಾನು ಚಪ್ಪಲಿ ಮೆಟ್ಟುವಾಗ ಅತ್ತೆಯೂ ಹೊರಟರು. ಗೂಟದಿಂದ ಸುಟ್ಟ ಅಂಚನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದರು. ಮಂಡಿನೋವಿನವರು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಬಾಗಿಲು ದಾಟಿ ಇಬ್ಬರೂ ಎಡಕ್ಕೆ ತಿರುಗಿದೆವು. ಬಲದಿಂದ ಬರುತ್ತಿದ್ದವರೆಲ್ಲ ಎದುರಾದರು. ಅತ್ತೆ ಪ್ರತಿಯೊಬ್ಬರ ಮುಂದೆಯೂ ನಿಂತು ಒಂದೇ ಮಾತು ಹೇಳಿದರು: "ಕಣ್ಣು ತೆರೆದಿತ್ತಂತೆ. ಯಜಮಾನ್ರೇ ಹೇಳಿದ್ರು." ಸಿಟ್ಟಿಲ್ಲದೆ, ನೆಂಟರಿಗೆ ಸುದ್ದಿ ಮುಟ್ಟಿಸುವ ಹಾಗೆ ಹೇಳಿದರು. ಹುಲ್ಲಿನ ಕಡೆ ಮುಖ ತಿರುಗಿಸಿದವರ ಮುಂದೆಯೂ ಹೋಗಿ ನಿಂತು ಹೇಳಿದರು. ಸುತ್ತು ಮುಗಿಯುವಷ್ಟರಲ್ಲಿ ಬಲಕ್ಕೆ ಹೋಗುತ್ತಿದ್ದವರು ಯಾರೂ ನಡೆಯುತ್ತಿರಲಿಲ್ಲ, ನಿಂತಿದ್ದರು.

ಶಲ್ಲೂಮಯ್ಯನವರು ಗಸ್ತಿಗೆ ಬಂದವರು ಪೀಠದ ಹತ್ತಿರವೇ ಇದ್ದರು. ಟಲ್ಮೋನಜ್ಜ ಎದ್ದು ನಿಂತರು.

"ಏಕೆ ಎಡಕ್ಕೆ?"

"ನನ್ನ ಮಗ ಸತ್ತ" ಎಂದರು ಅತ್ತೆ. "ನನ್ನ ಗಂಡ ಸತ್ತ" ಎಂದೆ ನಾನು.

ಅಜ್ಜ ಯಜಮಾನರ ಕಡೆ ನೋಡಿದರು. ಆಮೇಲೆ ತಮ್ಮ ಹೊದಿಕೆ ತೆಗೆದು, ಮಡಚಿ, ಅವರ ಕಾಲ ಬಳಿ ಇಟ್ಟರು. "ಸುಡಿ ಯಜಮಾನ್ರೇ" ಎಂದರು. "ಇಷ್ಟು ದಿನ ಇಲ್ಲಿ ನಿದ್ದೆ ಮಾಡ್ತಿದ್ದೋನು ನಾನು." ನಮ್ಮ ಕಡೆ ತಿರುಗಿ, ಗುಡ್ಡದ ಕೆಳಗಿನವರಿಗೂ ಕೇಳುವ ಹಾಗೆ ಹೇಳಿದರು: "ಈ ಮನೆಯಲ್ಲಿ ನೆಲೆಸಿದವನು ನಿಮ್ಮನ್ನು ಸಂತೈಸಲಿ."

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತೆ. ನನಗೆ ಆಗಲೂ ಬರಲಿಲ್ಲ.

ಸಂಜೆ ಊರೆಲ್ಲ ಗುಡ್ಡ ಹತ್ತಿತು. ಇಪ್ಪತ್ತು ಜನ ಕದಗಳನ್ನು ನೂಕಿದರು. ಕದಗಳು ಸರಿದವು, ಹತ್ತಿರ ಬಂದವು, ನಾಲ್ಕು ಬೆರಳಷ್ಟು ಉಳಿದಾಗ ನಿಂತವು. ಯಾರೂ ಬಡಗಿಯನ್ನು ಕರೆಯಲಿಲ್ಲ. ಒಬ್ಬೊಬ್ಬರಾಗಿ, ಎಡಕ್ಕೆ ಹೋಗಬೇಕಾಗಿ ಉಳಿದಿದ್ದ ಶಲ್ಲೂಮಯ್ಯನವರನ್ನು ನೋಡಿದರು. ಅವರು ಕೋಲನ್ನು ಗೋಡೆಗೆ ಒರಗಿಸಿದರು. ನೂಕಿದವರೇ ಕದಗಳನ್ನು ಹಿಂದಕ್ಕೆಳೆದು ದಾರಿ ಮಾಡಿಕೊಟ್ಟರು. ಅವರು ಒಳಗೆ ಹೋಗಿ ಎಡಕ್ಕೆ ತಿರುಗಿದರು.

ಅವರು ಸುತ್ತು ಹಾಕಿ ಬರುವಷ್ಟರಲ್ಲಿ ಟಲ್ಮೋನಜ್ಜ ಪೀಠ ಬಿಟ್ಟು ಎದ್ದಿದ್ದರು. "ಅಕ್ಕೂಬನ ಪಾಳಿ ಇನ್ನೂ ಮುಗಿದಿಲ್ಲ" ಎಂದರು. "ಅವನ ಮನೆಯೋರು ನಿಲ್ಲಲಿ." ನಾನು ಪೀಠದ ಪಕ್ಕದಲ್ಲಿ ನಿಂತೆ. ಶಲ್ಲೂಮಯ್ಯನವರು ನನ್ನ ಮುಂದೆ ಬಂದು ನಿಂತರು.

"ಏಕೆ ಎಡಕ್ಕೆ?" ಎಂದು ಕೇಳಿದೆ.

"ಊರಲ್ಲಿ ಒಂದು ಸಾವಾಗಿದೆ" ಎಂದರು.

"ನಾಳೆ ಬನ್ನಿ" ಎಂದೆ.

ಮರುದಿನ ಬಂದರು. "ನನ್ನಿಂದ ತಪ್ಪಾಯಿತು" ಎಂದರು. ಯಾವ ತಪ್ಪು ಎಂದು ಹೇಳಲಿಲ್ಲ. ನಾಳೆ ಬನ್ನಿ ಎಂದೆ. ಅದರ ಮರುದಿನ, "ಸತ್ತವನ ಹೊದಿಕೆ ಸುಟ್ಟೆ, ತಿಳಿಯದೆ" ಎಂದರು. ಅಂದು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೇನು ಬೇಕು ಇವಳಿಗೆ ಎಂದು ಯಾರೋ ಅಂದದ್ದು ಕೇಳಿಸಿತು. ಹಿರಿಯರ ಮಾತು ಕೇಳುವ ಮನಸ್ಸು, ಹೊರಗಿಟ್ಟವರ ಮನಸ್ಸು ತಿರುಗುವುದು, ಎರಡು ಮಾತುಗಳೂ ನನ್ನ ನಾಲಗೆಯ ಮೇಲಿದ್ದವು. ಯಾವುದನ್ನೂ ಹೇಳಲಿಲ್ಲ. ನಾಳೆ ಬನ್ನಿ ಎಂದೆ.

ಈಗ ಹನ್ನೊಂದು ದಿನವಾಗಿದೆ. ಪುಸ್ತಕದಲ್ಲಿ ನಿದ್ದೆ ಎಂಬುದನ್ನು ಹೊಡೆದು ಹಾಕಿದ್ದಾರೆ. ಹೊಡೆಯಲು ಬರುತ್ತದೆ ಎಂದಾಯಿತು. ಗುಡ್ಡದ ಕೆಳಗೆ ಮುಳ್ಳಿನ ನಡುವೆ ಹುಡುಕಿ ಅಕ್ಕೂಬನ ಕಲ್ಲನ್ನು ತಂದವಳು ದೀನಮ್ಮ. ನಾಲ್ಕು ಬೆರಳಿನ ಸಂದಿಯಲ್ಲಿ ಅವಳ ಆಡುಗಳು ನುಗ್ಗಲಾರವು. ಆದರೂ ತಂದುಕೊಟ್ಟಳು. ಊರು ಹಸಿವಾದಾಗ ಒಲೆ ಹಚ್ಚುವುದನ್ನು ಕಲಿತಿದೆ. "ಸಾಕು ಮಾಡು ಕಣೇ" ಎಂದು ಅತ್ತೆ ಒಮ್ಮೆ ಅಂದರು, ಮತ್ತೆ ಅನ್ನಲಿಲ್ಲ. ಶಲ್ಲೂಮಯ್ಯನವರು ದಿನವೂ ಮಧ್ಯಾಹ್ನ ಬಂದು ಎಡಕ್ಕೆ ತಿರುಗುತ್ತಾರೆ, ಸುತ್ತು ಹಾಕಿ ನನ್ನ ಮುಂದೆ ನಿಲ್ಲುತ್ತಾರೆ. ನಾನು ಕೇಳುತ್ತೇನೆ. ಅವರು "ತಿಳಿಯದೆ" ಎನ್ನುತ್ತಾರೆ. ನಮ್ಮ ಮನೆಯ ಗೋಡೆಗಳ ಒಳಗೆ ಹೇಳಿದ್ದನ್ನು ಇಲ್ಲಿ ಹೇಳಲಿ. ಕಣ್ಣು ತೆರೆದಿತ್ತು, ನೋಡಿದೆ, ಹಚ್ಚಿದೆ ಎನ್ನಲಿ. ನಾನು ಕಾಯಬಲ್ಲೆ. ಅಕ್ಕೂಬನ ಪೀಠದ ಪಕ್ಕದಲ್ಲಿ ನಿಂತಾಗ ನನಗೆ ನಿದ್ದೆ ಬರುವುದಿಲ್ಲ.